ನಾಯಿ ಬರುವ ಮೊದಲು ವಾಸನೆ ಉಳಿಸಿ

ಕಾಣೆಯಾದವರನ್ನು ನಾಯಿಯ ನೆರವಿನಿಂದ ಹುಡುಕುವ ಬಗ್ಗೆ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಓದುಗರು ಬರೆದ ಕಾಗದಗಳಿಗೆ, ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರ ಉತ್ತರ.

ಪ್ರಶ್ನೆ: ನನಗೆ 26 ವರ್ಷ. ಕೊಳ್ಳೇಗಾಲದಲ್ಲಿ ನಮ್ಮ ತಂದೆಯವರ ರೇಷ್ಮೆ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷದ ಲ್ಯಾಬ್ರಡಾರ್ ಸಾಕಿದ್ದೇನೆ. ಚೆಂಡನ್ನು ಎಲ್ಲಿ ಬಚ್ಚಿಟ್ಟರೂ ಬಿಡದೆ ಹುಡುಕಿ ತರುತ್ತದೆ. ಟರ್ಕಿ ಭೂಕಂಪದಲ್ಲಿ ನಮ್ಮ ದೇಶದ ನಾಯಿಗಳು ಕೆಲಸ ಮಾಡಿದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ನಾವಿಬ್ಬರೂ ಸ್ವಯಂಸೇವಕರಾಗಬೇಕು ಅನ್ನಿಸಿದೆ. ಯಾರನ್ನು ಕೇಳಬೇಕು?
— ಒಬ್ಬ ಓದುಗ, ಕೊಳ್ಳೇಗಾಲ

ಉತ್ತರ: ಮೊದಲು ಕಹಿ ಸಂಗತಿ ಹೇಳಿಬಿಡುತ್ತೇನೆ. ಖಾಸಗಿಯವರು ಸಾಕಿದ ನಾಯಿಯನ್ನು ಪರೀಕ್ಷಿಸಿ, ಹುಡುಕಾಟದ ಪಟ್ಟಿಗೆ ಸೇರಿಸಿಕೊಂಡು, ಬೇಕಾದಾಗ ಕರೆಯುವ ಸರ್ಕಾರಿ ವ್ಯವಸ್ಥೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ನೀವು ಟಿ.ವಿ.ಯಲ್ಲಿ ನೋಡಿದ ಜೂಲಿ, ರೋಮಿಯೋ ಎರಡೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ನಾಯಿಗಳು. 2023ರ ಫೆಬ್ರುವರಿಯಲ್ಲಿ ಗಾಜಿಯಾಂಟೆಪ್ ಪ್ರಾಂತ್ಯದಲ್ಲಿ ಕುಸಿದ ಕಟ್ಟಡವೊಂದರ ಮೇಲೆ ಜೂಲಿ ನಿಂತು ಬೊಗಳಿತು. ಅದೇ ಜಾಗಕ್ಕೆ ರೋಮಿಯೋನನ್ನು ಬಿಟ್ಟಾಗ ಅವನೂ ಬೊಗಳಿದ. ಆಮೇಲೆ ಅಗೆದು ಆರು ವರ್ಷದ ಹುಡುಗಿಯನ್ನು ಜೀವಂತವಾಗಿ ತೆಗೆದರು. ಒಂದು ನಾಯಿ ಹೇಳಿದ್ದನ್ನು ಇನ್ನೊಂದರಿಂದ ಖಚಿತ ಮಾಡಿಕೊಳ್ಳುವ ಆ ಶಿಸ್ತು ವರ್ಷಗಟ್ಟಲೆ ಒಂದೇ ಪಡೆಯಲ್ಲಿ ಪಳಗಿದವರಿಗೆ ಬರುವಂಥದ್ದು.

ಬೇರೆ ದೇಶಗಳಲ್ಲಿ ನಿಮ್ಮಂಥವರೇ ಈ ಕೆಲಸದ ಬೆನ್ನೆಲುಬು. ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಮಿಶ್ ಮ್ಯಾಕಿನ್ನಿಸ್ ಸ್ವಿಟ್ಜರ್‌ಲೆಂಡಿನಲ್ಲಿ ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ನಾಯಿಗಳನ್ನು ಕಂಡು ಬಂದು, 1965ರಲ್ಲಿ ತಮ್ಮೂರಿನಲ್ಲಿ ಇಂಥದೊಂದು ಸಂಘ ಕಟ್ಟಿದರು. ಇವತ್ತಿಗೂ ಬ್ರಿಟನ್ನಿನ ಬೆಟ್ಟಗಳಲ್ಲಿ ರಾತ್ರಿ ನಾಯಿ ಹಿಡಿದು ಹೊರಡುವವರು ಹಗಲು ಬೇರೆ ಉದ್ಯೋಗ ಮಾಡುವ ಸಾಮಾನ್ಯ ಜನ. ಸಂಬಳವಿಲ್ಲ. ಆದರೆ ಪರೀಕ್ಷೆ ಕಟ್ಟುನಿಟ್ಟು, ತೇರ್ಗಡೆಯಾಗದ ನಾಯಿಯನ್ನು ಯಾರೂ ಕರೆಯುವುದಿಲ್ಲ. ನಮ್ಮಲ್ಲೂ ಹೀಗಾಗಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ನಿಮ್ಮ ಕಾಗದ ನೋಡಿ ಅದು ಇನ್ನೂ ಬಲವಾಯಿತು.

ಈಗ ನೀವು ಮಾಡಬಹುದಾದದ್ದು. ನಾಯಿಗಿಂತ ಮೊದಲು ನೀವು ತಯಾರಾಗಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆ ದೇಶದ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರನ್ನು ಸಜ್ಜುಗೊಳಿಸುವ ಗುರಿಯಿಟ್ಟುಕೊಂಡು ಬಂದದ್ದು. 18ರಿಂದ 40 ವರ್ಷದೊಳಗಿನವರಿಗೆ 12 ದಿನಗಳ ತರಬೇತಿ. ಮುಂದಿನ ತಂಡ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಅವಕಾಶ ಸಿಗದಿದ್ದರೆ ಗೃಹರಕ್ಷಕ ದಳಕ್ಕೆ ಸೇರಿ. ಹುಡುಕಾಟದ ರಾತ್ರಿ ಪೊಲೀಸರಿಗೆ, ಅಗ್ನಿಶಾಮಕದವರಿಗೆ ನಿಮ್ಮ ಮುಖ ಪರಿಚಯವಿದ್ದರೆ ಮಾತ್ರ ನಿಮ್ಮ ಮಾತಿಗೆ ಬೆಲೆ. ನಕ್ಷೆ ಓದುವುದು, ಮೊಬೈಲಿನ ಜಿಪಿಎಸ್‌ನಲ್ಲಿ ನಡೆದ ದಾರಿ ದಾಖಲಿಸುವುದು, ಮೂಳೆ ಮುರಿದವನನ್ನು ಅಲುಗಾಡಿಸದೆ ಸಾಗಿಸುವುದು, ಇಷ್ಟನ್ನು ಮೊದಲು ಕಲಿಯಿರಿ. ನಾಯಿ ಹುಡುಕಿ ಕೊಡುತ್ತದೆ. ಸಿಕ್ಕವನನ್ನು ಬದುಕಿಸುವುದು ಮನುಷ್ಯನ ಕೆಲಸ.

ನಾಯಿಯನ್ನೂ ಪರೀಕ್ಷಿಸಿ. ಮೊಣಕಾಲುದ್ದ ಹುಲ್ಲಿಗೆ ಚೆಂಡು ಎಸೆದು ನಾಯಿಯನ್ನು ಹಿಡಿದುಕೊಳ್ಳಿ. ಕೆಲವು ನಿಮಿಷ ಕಳೆದ ಮೇಲೆ ಬಿಡಿ. ಸಿಗದಿದ್ದಾಗ ನಿಮ್ಮ ಮುಖ ನೋಡಿಕೊಂಡು ಹಿಂದಕ್ಕೆ ಬರುವ ನಾಯಿ ಈ ಕೆಲಸಕ್ಕೆ ಆಗದು. ಮೂಗು ನೆಲಕ್ಕಿಟ್ಟು, ಮತ್ತೆ ಮೇಲೆತ್ತಿ, ಸುತ್ತು ಹೊಡೆಯುತ್ತಲೇ ಇರಬೇಕು. ಪಟಾಕಿ, ಜೆಸಿಬಿ ಸದ್ದು, ಅಪರಿಚಿತ ಮಕ್ಕಳು, ಬೇರೆ ನಾಯಿಗಳು, ಯಾವುದಕ್ಕೂ ಬೆದರಬಾರದು, ಕಚ್ಚಲು ಹೋಗಬಾರದು. ಎರಡು ವರ್ಷ ವಯಸ್ಸಾಗಿದೆ ಎಂದು ಚಿಂತೆ ಬೇಡ, ಕಲಿಯುತ್ತದೆ. ಆದರೆ ವಾರಕ್ಕೆ ಎರಡು ಮೂರು ದಿನ ತಪ್ಪದೆ ಕೆಲಸ ಮಾಡಿದರೂ ನಂಬಬಹುದಾದ ನಾಯಿ ತಯಾರಾಗಲು ಎರಡು ವರ್ಷ ಬೇಕು. ಜೊತೆಗೆ ಒಂದು ಮಾತು ನೆನಪಿಡಿ: ಲ್ಯಾಬ್ರಡಾರ್ ನಮ್ಮ ಸೀಮೆಯ ಬಿಸಿಲು ತಡೆಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಎಂಟರ ನಂತರ ಅಭ್ಯಾಸ ಮಾಡಿಸಬೇಡಿ.

ಪ್ರಶ್ನೆ: ನಮ್ಮ ಮಾವನವರಿಗೆ ಮರೆವಿನ ಕಾಯಿಲೆ. ಕಳೆದ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆ ಊರ ಮೇಲೆ ಹಾದುಹೋಗುವಾಗ ಇವರೂ ಎದ್ದು ಹೊರಟುಬಿಟ್ಟರು. ಊರೆಲ್ಲ ಸೇರಿ ರಾತ್ರಿಯಿಡೀ ಹುಡುಕಿದೆವು. ಮಾರನೇ ದಿನ ಮಧ್ಯಾಹ್ನ ನಾಯಿ ಕರೆಸಿದರು. ಅದು ಮನೆಯಿಂದ ಹೊರಟು ದೊಡ್ಡ ರಸ್ತೆಗೆ ಬಂದು ನಿಂತುಬಿಟ್ಟಿತು. ಮಾದಪ್ಪನ ದಯೆ, ಎರಡು ದಿನದ ಮೇಲೆ ಕೌದಳ್ಳಿ ಹತ್ತಿರ ಸಿಕ್ಕಿದರು. ನಾಯಿಯಿಂದ ಏನೂ ಪ್ರಯೋಜನ ಆಗಲಿಲ್ಲವಲ್ಲ, ಇದನ್ನೆಲ್ಲ ಸುಮ್ಮನೆ ನಂಬುತ್ತೇವೆಯೇ?
— ಒಬ್ಬ ಗೃಹಿಣಿ, ಹನೂರು ತಾಲ್ಲೂಕು

ಉತ್ತರ: ಅಮ್ಮಾ, ಹಿರಿಯರು ಸಿಕ್ಕಿದರಲ್ಲ, ಅದೇ ದೊಡ್ಡದು. ಆದರೆ ಆ ನಾಯಿ ನಿಮಗೆ ಒಂದು ಸುದ್ದಿ ಕೊಟ್ಟಿತ್ತು. ಅವರು ಹಿತ್ತಿಲ ಕಡೆಗಾಗಲಿ, ಕೆರೆಯ ಕಡೆಗಾಗಲಿ ಹೋಗಿಲ್ಲ, ರಸ್ತೆಗೇ ಬಂದಿದ್ದಾರೆ ಎಂದು. ರಸ್ತೆಯಲ್ಲಿ ನಾಯಿ ನಿಂತರೆ ಎರಡರಲ್ಲೊಂದು: ಆ ಮನುಷ್ಯ ವಾಹನ ಹತ್ತಿದ್ದಾನೆ, ಇಲ್ಲವೇ ಟಾರಿನ ಬಿಸಿ ಮತ್ತು ವಾಹನಗಳ ಗಾಳಿ ವಾಸನೆಯನ್ನು ಚದುರಿಸಿಬಿಟ್ಟಿವೆ. ಆಗ ಮಾಡಬೇಕಾದದ್ದು ಬಸ್ ಕಂಡಕ್ಟರುಗಳನ್ನು, ಲಗೇಜ್ ಆಟೋದವರನ್ನು ಕೇಳುವುದು, ಅಂಗಡಿಗಳ ಸಿ.ಸಿ. ಕ್ಯಾಮೆರಾ ನೋಡುವುದು, ಬೆಟ್ಟದ ದಾರಿಯುದ್ದಕ್ಕೂ ಅನ್ನದಾನದ ಪೆಂಡಾಲುಗಳಿಗೆ ಫೋಟೊ ಕಳಿಸುವುದು. ಅದು ಬಿಟ್ಟು ಎಲ್ಲರೂ ಮತ್ತೆ ಹೊಲಗಳಿಗೇ ನುಗ್ಗುತ್ತೇವೆ.

ವಾಸನೆ ಅಂದರೆ ಏನು ಎಂದು ತಿಳಿದರೆ ಇದು ಅರ್ಥವಾಗುತ್ತದೆ. ನಮ್ಮ ಮೈಯಿಂದ ಸತ್ತ ಚರ್ಮದ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸದಾ ಉದುರುತ್ತಿರುತ್ತವೆ. ಬೆವರು, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಸೇರಿ ಒಬ್ಬೊಬ್ಬರಿಗೆ ಒಂದೊಂದು ವಾಸನೆ ಕೊಡುತ್ತವೆ. ನಾವು ನಡೆದ ಕಡೆಯೆಲ್ಲ ಈ ಕಣಗಳು ಬಿದ್ದು ಹುಲ್ಲಿನ ಬುಡ, ಬೇಲಿ ಸಾಲು, ಚರಂಡಿ, ತಂಪಿರುವ ತಗ್ಗು ಇಂಥ ಕಡೆ ನಿಲ್ಲುತ್ತವೆ. ಬಿಸಿಲಿಗೆ ಬೇಗ ಹಾಳಾಗುತ್ತವೆ, ಇಬ್ಬನಿಯ ತೇವದಲ್ಲಿ ಉಳಿಯುತ್ತವೆ. ಹಾಗಾಗಿ ಬೆಳಗಿನ ಜಾವ ಮತ್ತು ಸಂಜೆ ನಾಯಿಗೆ ಅನುಕೂಲ. ನಿಮ್ಮ ಮನೆಗೆ ನಾಯಿ ಬಂದದ್ದು ಮಧ್ಯಾಹ್ನ, ಅಷ್ಟರಲ್ಲಿ ಊರಿನ ಕಾಲೆಲ್ಲ ಆ ಜಾಡಿನ ಮೇಲೆ ಹಾದಿತ್ತು.

ಇನ್ನೊಂದು ವಿಷಯ ಜನರಿಗೆ ತಿಳಿದೇ ಇಲ್ಲ. ಹುಡುಕುವ ನಾಯಿಗಳಲ್ಲಿ ಎರಡು ಬಗೆ. ಒಂದು, ಕಾಣೆಯಾದವರ ಬಟ್ಟೆ ಮೂಸಿ ಆ ಒಬ್ಬರ ಜಾಡನ್ನು ಮಾತ್ರ ಹಿಡಿದು, ಉದ್ದ ಹಗ್ಗದಲ್ಲಿ ಹ್ಯಾಂಡ್ಲರನ್ನು ಎಳೆದುಕೊಂಡು ಹೋಗುವುದು. ಇನ್ನೊಂದು, ಹಗ್ಗವಿಲ್ಲದೆ ಓಡಾಡುತ್ತಾ ಗಾಳಿಯಲ್ಲಿ ತೇಲಿಬರುವ ಯಾವುದೇ ಮನುಷ್ಯನ ವಾಸನೆ ಹಿಡಿದು ಅವನಿರುವಲ್ಲಿಗೆ ಹೋಗಿ ಬೊಗಳುವುದು. ಭೂಕಂಪಕ್ಕೆ, ನಿರ್ಜನ ಬೆಟ್ಟಕ್ಕೆ ಎರಡನೆಯದು. ಸಾವಿರಾರು ಜನ ನಡೆಯುವ ಪರಸೆಯ ದಾರಿಯಲ್ಲಿ ಅದನ್ನು ಬಿಟ್ಟರೆ ಅದು ಎಲ್ಲರಿಗೂ ಬೊಗಳುತ್ತದೆ, ಪಾಪ. ಅಲ್ಲಿ ಮೊದಲನೆಯ ಬಗೆಯದೇ ಆಗಬೇಕು, ಅದಕ್ಕೆ ಶುದ್ಧವಾದ ಒಂದು ಬಟ್ಟೆ ಬೇಕು.

ನಾನು ಈ ಅಂಕಣದಲ್ಲಿ ಒಂದೇ ಒಂದು ಕೆಲಸ ಕಲಿಸಬೇಕೆಂದರೆ ಇದನ್ನೇ ಕಲಿಸುತ್ತೇನೆ. ಮನೆಯವರು ಕಾಣುತ್ತಿಲ್ಲ ಎಂದ ತಕ್ಷಣ ಅವರು ಮಲಗುತ್ತಿದ್ದ ಕೋಣೆಯ ಬಾಗಿಲು ಹಾಕಿ. ಹಾಸಿಗೆ ಮಡಿಸಬೇಡಿ, ಕಸ ಗುಡಿಸಬೇಡಿ. ಒಗೆಯದ ಬನಿಯನ್, ದಿಂಬಿನ ಕವರು, ತಲೆಗೆ ಸುತ್ತುತ್ತಿದ್ದ ಟವೆಲ್ಲು, ಯಾವುದಾದರೂ ಒಂದು ಸಾಕು, ಆದರೆ ಅದನ್ನು ಅವರೊಬ್ಬರೇ ಬಳಸಿರಬೇಕು. ಗಂಡ ಹೆಂಡತಿ ಇಬ್ಬರೂ ಹೊದ್ದ ಕಂಬಳಿ, ಎಲ್ಲರ ಬಟ್ಟೆ ಒಟ್ಟಿಗೆ ಹಾಕಿಟ್ಟ ಮಂಕರಿಯಿಂದ ತೆಗೆದ ಅಂಗಿ ಬೇಡ. ಕೈಯಲ್ಲಿ ಮುಟ್ಟದೆ, ಹೊಸ ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಆ ಬಟ್ಟೆ ಹಿಡಿದು, ಕವರನ್ನು ಒಳಹೊರಗು ಮಾಡಿ ಬಾಯಿ ಕಟ್ಟಿ. ಅವರನ್ನು ಕೊನೆಯ ಸಲ ಕಂಡ ಜಾಗದಲ್ಲಿ ಒಂದು ಕೋಲು ನೆಟ್ಟು, ಸುತ್ತ ಹಗ್ಗ ಕಟ್ಟಿ, ಅಲ್ಲಿ ಯಾರನ್ನೂ ಬಿಡಬೇಡಿ. ಒಬ್ಬರು ಕಾವಲು ನಿಲ್ಲಲಿ. ಇಷ್ಟು ಮಾಡಿದರೆ ಬರುವ ನಾಯಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ.

ಇದರ ಜೊತೆಗೇ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕು ಎಂಬ ಕಾನೂನು ಎಲ್ಲೂ ಇಲ್ಲ. ಮಕ್ಕಳ ವಿಷಯದಲ್ಲಂತೂ ಪೊಲೀಸರು ಕೂಡಲೇ ಎಫ್‌ಐಆರ್ ದಾಖಲಿಸಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದೂರು ಕೊಡುವಾಗಲೇ "ಶ್ವಾನದಳ ಕಳಿಸಿ" ಎಂದು ಬಾಯಿಬಿಟ್ಟು ಕೇಳಿ. ಜಿಲ್ಲಾ ಕೇಂದ್ರದಿಂದ ಬೆಟ್ಟದ ಬುಡದ ಊರಿಗೆ ಬರಲು ಹೊತ್ತು ಹಿಡಿಯುತ್ತದೆ, ಕೊಳ್ಳೇಗಾಲದಿಂದ ಬೆಟ್ಟಕ್ಕೇ ಸುಮಾರು 80 ಕಿ.ಮೀ. ಇದೆ. ನೀವು ಕೇಳುವುದು ತಡವಾದಷ್ಟೂ ವಾಸನೆ ಸಾಯುತ್ತದೆ.

ಮರೆವಿನವರ ಬಗ್ಗೆ ಇನ್ನೆರಡು ಮಾತು. ಅವರು ಒಂದು ದಿಕ್ಕು ಹಿಡಿದರೆ ಬೇಲಿಯೋ ಪೊದೆಯೋ ತಡೆಯುವವರೆಗೂ ನೇರ ಹೋಗುತ್ತಾರೆ, ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೆಸರು ಹಿಡಿದು ಕೂಗಿದರೆ ಎಷ್ಟೋ ಸಲ ಓಗೊಡುವುದಿಲ್ಲ. ಆದ್ದರಿಂದ ಮನೆಯ ಸಮೀಪದ ಲಂಟಾನ ಪೊದೆ, ಪಾಳುಮನೆ, ಹಳ್ಳದ ತಗ್ಗು ಮೊದಲು ನೋಡಬೇಕು. ಹಿಂದೆ ಅವರು ದುಡಿದ ಹೊಲ, ಹುಟ್ಟಿದ ಊರು, ಹರಕೆ ಹೊತ್ತ ದೇವಸ್ಥಾನ ಆಮೇಲೆ. ನಿಮ್ಮ ಮಾವನವರು ವಯಸ್ಸಿನಲ್ಲಿ ಬೆಟ್ಟಕ್ಕೆ ನಡೆದು ಹೋಗುತ್ತಿದ್ದವರೇ ಇರಬೇಕು. ಮುಂದಿನ ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆಗಳಿಗೆ ಮುಂಚೆಯೇ ಅವರ ಅಂಗಿಯ ಒಳಗೆ ಫೋನ್ ನಂಬರ್ ಹೊಲಿದಿಡಿ.

ಪ್ರಶ್ನೆ: ಬೆಟ್ಟದ ಕಾಡಂಚಿನಲ್ಲಿ ನಮ್ಮದು ದನದ ದೊಡ್ಡಿ. ನಮ್ಮ ಕರಿಯ ನಾಡುನಾಯಿ. ತಪ್ಪಿಸಿಕೊಂಡ ಹಸುವನ್ನು ಎಲ್ಲಿದ್ದರೂ ತೋರಿಸುತ್ತದೆ. ಜಾತಿನಾಯಿಗಳೇ ಬೇಕೆಂದು ಯಾಕೆ ಅನ್ನುತ್ತಾರೆ? ಕಾಡಲ್ಲಿ ದಾರಿ ತಪ್ಪಿದವರನ್ನು ಹುಡುಕಲು ನಾನೂ ಕರಿಯನೂ ತಯಾರು.
— ಒಬ್ಬ ದನಗಾಹಿ, ಮಲೆ ಮಹದೇಶ್ವರ ಬೆಟ್ಟ ಸೀಮೆ

ಉತ್ತರ: ಅಣ್ಣ, ಕರಿಯನ ಮೂಗಿನ ಬಗ್ಗೆ ನನಗೆ ಅನುಮಾನವೇ ಇಲ್ಲ. 2020ರ ಆಗಸ್ಟ್‌ನಲ್ಲಿ ಕೇರಳದ ಇಡುಕ್ಕಿ ಜಿಲ್ಲೆಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಚಹಾ ತೋಟದ ಕಾರ್ಮಿಕರ ಲೈನ್ ಮನೆಗಳು ಮಣ್ಣುಪಾಲಾದವು. ಕುವಿ ಎಂಬ ನಾಡುನಾಯಿ, ತಾನು ಜೊತೆಯಲ್ಲಿ ಆಡುತ್ತಿದ್ದ ಎರಡು ವರ್ಷದ ಮಗುವಿನ ದೇಹವನ್ನು ದಿನಗಳ ನಂತರ ಹೊಳೆಯಲ್ಲಿ ಪತ್ತೆ ಮಾಡಿತು. ಅದಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಆಮೇಲೆ ಪೊಲೀಸ್ ಶ್ವಾನದಳದವರೇ ಅದನ್ನು ಕರೆದೊಯ್ದು ಸಾಕಿದರು. ನಮ್ಮ ಬಾಗಲಕೋಟೆಯ ಮುಧೋಳ ನಾಯಿಯನ್ನೂ ಸೇನೆ 2016ರಲ್ಲಿ ತರಬೇತಿಗೆ ತೆಗೆದುಕೊಂಡಿತು. ಆದರೆ ಮುಧೋಳ ಕಣ್ಣಿನಿಂದ ಬೇಟೆ ಹಿಡಿದು ಓಡುವ ತಳಿ, ಮೂಗಿನ ಕೆಲಸಕ್ಕೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನಾಯ್ ಮುಂದು. ಜಾತಿನಾಯಿ ಬೇಕೆನ್ನುವುದಕ್ಕೆ ಕಾರಣ ಮರಿ ಮುಂದೆ ಹೇಗಾಗುತ್ತದೆ ಎಂಬ ಅಂದಾಜು ಸಿಗುತ್ತದೆ ಎಂದಷ್ಟೇ. ನಾಡುನಾಯಿ ಮೇಲಿನ ತಾತ್ಸಾರ ತಪ್ಪು.

ಆದರೂ ಕರಿಯನನ್ನು ಕಾಡೊಳಗೆ ಹುಡುಕಾಟಕ್ಕೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಲೆ ಮಹದೇಶ್ವರ, ಕಾವೇರಿ ವನ್ಯಧಾಮಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವುದೇ ಅಪರಾಧ. ಕಾನೂನು ಬದಿಗಿಟ್ಟರೂ ಅಪಾಯ ನಿಮಗೇ ಗೊತ್ತು. ಆನೆ ಕಂಡ ನಾಯಿ ಬೊಗಳುತ್ತದೆ, ಆನೆ ತಿರುಗಿದರೆ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೆ. ಚಿರತೆಗೆ ನಾಯಿ ಸುಲಭದ ತುತ್ತು. ಜೊತೆಗೆ ವಿಷ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಹುಲಿಯನ್ನೇ ಕೊಂದ ಆ ವಿಷ ಹಗ್ಗ ಬಿಟ್ಟ ನಾಯಿಯನ್ನು ಉಳಿಸುತ್ತದೆಯೇ? ಇದಕ್ಕೆ ತಿರುಗುಮುರುಗಾದ ಅಪಾಯವೂ ಇದೆ. ನಾಯಿಯ ಡಿಸ್ಟೆಂಪರ್ ರೋಗದ ವೈರಸ್ 2018ರಲ್ಲಿ ಗಿರ್ ಕಾಡಿನ ಸಿಂಹಗಳನ್ನು ಬಲಿ ತೆಗೆದುಕೊಂಡಿತು. ರೇಬೀಸ್ ಜೊತೆಗೆ ಡಿಸ್ಟೆಂಪರ್ ಲಸಿಕೆಯನ್ನೂ ಕರಿಯನಿಗೆ ಹಾಕಿಸಿ. ಉಣ್ಣೆ ಆರಿಸುವುದನ್ನು ವಾರಕ್ಕೊಮ್ಮೆಯಾದರೂ ತಪ್ಪಿಸಬೇಡಿ.

ಕಾಡಿನಲ್ಲಿ ನಾಯಿ ಹೇಗೆ ಕೆಲಸ ಮಾಡಬೇಕು ಎನ್ನುವುದಕ್ಕೆ ಬಂಡೀಪುರದ ರಾಣಾ ನಮ್ಮ ಜಿಲ್ಲೆಯದೇ ಮೇಲ್ಪಂಕ್ತಿ. ಭೋಪಾಲದಲ್ಲಿ ತರಬೇತಾದ ಜರ್ಮನ್ ಶೆಫರ್ಡ್. ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರು ಮಾಡಿದ. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆಯ ಚೌಡಹಳ್ಳಿ ಭಾಗದಲ್ಲಿ ಜನರನ್ನು ಕೊಂದ ಹುಲಿಯ ಹುಡುಕಾಟಕ್ಕೂ ಅವನನ್ನು ಇಳಿಸಿದ್ದರು. ಅವನ ಜೊತೆ ಕೋವಿ ಹಿಡಿದ ಸಿಬ್ಬಂದಿ, ಸಾಕಾನೆ, ಹೆಜ್ಜೆ ಓದಬಲ್ಲ ಸೋಲಿಗರು ಇದ್ದರು. ರಾಣಾ ಈಗಿಲ್ಲ. ಆ ಸೋಲಿಗರ ಹಾಗೆ ನೆಲ ಬಲ್ಲವರು ನೀವು. ನಿಮ್ಮ ವಲಯ ಅರಣ್ಯಾಧಿಕಾರಿಗೆ ಹೆಸರು, ಫೋನ್ ನಂಬರ್ ಕೊಟ್ಟಿಡಿ. ಯಾವ ಹಳ್ಳದಲ್ಲಿ ಈಗ ನೀರಿದೆ, ಯಾವ ಕಾಲುದಾರಿ ಮುಚ್ಚಿದೆ, ಆನೆ ಹಿಂಡು ಇವತ್ತು ಎಲ್ಲಿ ಬೀಡುಬಿಟ್ಟಿದೆ, ಇದನ್ನು ಹೇಳಬಲ್ಲ ಒಬ್ಬ ಮನುಷ್ಯ ಹುಡುಕಾಟಕ್ಕೆ ಹತ್ತು ನಾಯಿಗಿಂತ ಹೆಚ್ಚು. ದಾರಿ ತಪ್ಪಿದವರ ಸುದ್ದಿ ಬಂದರೆ ಇಲಾಖೆಯ ಸಹಾಯವಾಣಿ 1926.

ಪ್ರಶ್ನೆ: ಭರಚುಕ್ಕಿಯಲ್ಲಿ ನೀರಿಗೆ ಬಿದ್ದವರನ್ನು ನಾಯಿ ಪತ್ತೆ ಮಾಡಬಲ್ಲದೇ?
— ಕೊಳ್ಳೇಗಾಲ ತಾಲ್ಲೂಕಿನ ಒಬ್ಬ ಓದುಗ

ಉತ್ತರ: ನಿಂತ ನೀರಿನಲ್ಲಿ ಪತ್ತೆ ಮಾಡಬಲ್ಲದು. ಮುಳುಗಿದ ದೇಹದಿಂದ ಹೊರಡುವ ಅನಿಲ ಮೇಲಕ್ಕೆ ಬಂದು ನೀರಿನ ಮೇಲ್ಮೈಯಲ್ಲಿ ಹರಡುತ್ತದೆ. ಅದಕ್ಕೆಂದೇ ಪಳಗಿದ ನಾಯಿ ದೋಣಿಯ ಮೂತಿಯಲ್ಲಿ ನಿಂತು ಸೂಚನೆ ಕೊಡುತ್ತದೆ. ಗುಂಡಾಲ್ ಜಲಾಶಯದಂಥ ಕಡೆ, ನೀರು ತುಂಬಿದ ಹಳೆಯ ಕರಿಕಲ್ಲು ಕ್ವಾರಿಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಭರಚುಕ್ಕಿಯ ಸೆಳೆತದಲ್ಲಿ ವಾಸನೆ ಎದ್ದ ಜಾಗ ಒಂದು, ದೇಹವಿರುವ ಜಾಗ ಇನ್ನೊಂದು. ಅಲ್ಲಿ ಅಗ್ನಿಶಾಮಕ ದಳ, ಮುಳುಗುಗಾರರು ಮತ್ತು ನದಿ ಬಲ್ಲ ತೆಪ್ಪದವರನ್ನೇ ನೆಚ್ಚಿಕೊಳ್ಳಬೇಕು. ಬಿದ್ದವರ ಹಿಂದೆ ನೀರಿಗೆ ಹಾರಬೇಡಿ. ಹಗ್ಗ, ಸೀರೆ, ಗಾಳಿ ತುಂಬಿದ ಟ್ಯೂಬು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನಾಯಿ ಸಾಕಿಲ್ಲ, ಸಾಕುವ ಅನುಕೂಲವೂ ಇಲ್ಲ. ನಮ್ಮ ಊರಿನ ಸುತ್ತ ಕಬ್ಬಿನ ಗದ್ದೆ, ಆಚೆ ಬೆಟ್ಟ. ನಾನಾಗಲಿ, ನನ್ನ ಮಕ್ಕಳಾಗಲಿ ಈ ಕೆಲಸಕ್ಕೆ ಹೇಗೆ ಸಹಾಯ ಮಾಡಬಹುದು?
— ಯಳಂದೂರು

ಉತ್ತರ: ಮೇಡಂ, ನಾಯಿ ತಯಾರಾಗುವುದೇ ನಿಮ್ಮಂಥವರಿಂದ. ಅಭ್ಯಾಸದಲ್ಲಿ ಯಾರಾದರೂ ಅಡಗಿ ಕೂರಬೇಕು, ನಾಯಿ ಹುಡುಕಿ ಬಂದಾಗ ಆಟಿಕೆ ಕೊಟ್ಟು ಕುಣಿದಾಡಿ ಹೊಗಳಬೇಕು. ಒಬ್ಬರೇ ಸದಾ ಅಡಗಿದರೆ ನಾಯಿ ಅವರನ್ನು ಮಾತ್ರ ಹುಡುಕುವುದು ಕಲಿಯುತ್ತದೆ. ಮುದುಕರು, ಸೀರೆ ಉಟ್ಟವರು, ಲುಂಗಿ ಸುತ್ತಿದವರು, ಬೀಡಿ ಸೇದುವವರು, ಮಲಗಿದವರು, ಮರ ಹತ್ತಿ ಕೂತವರು ಎಲ್ಲರೂ ಬೇಕು. ಮೊದಲ ಕಾಗದದ ಕೊಳ್ಳೇಗಾಲದ ಯುವಕ ಒಂದು ಗುಂಪು ಕಟ್ಟಿದರೆ ಅವರಿಗೆ ನಾಯಿಗಿಂತ ಹೆಚ್ಚಾಗಿ ಬೇಕಾಗುವುದು ತಾಸುಗಟ್ಟಲೆ ಸದ್ದಿಲ್ಲದೆ ಕೂರಬಲ್ಲ ಹಿರಿಯರು. ಮಕ್ಕಳನ್ನು ಪಾಲಕರ ಎದುರಿಗೆ, ಊರೊಳಗಿನ ಮೈದಾನದಲ್ಲಿ ಮಾತ್ರ ಸೇರಿಸಿಕೊಳ್ಳಿ.

ಕಬ್ಬಿನ ಗದ್ದೆಯ ಮಾತೆತ್ತಿದಿರಿ. ಅದು ನಾಯಿಗೆ ಬಹಳ ಕಷ್ಟದ ಜಾಗ. ಒಳಗೆ ಗಾಳಿ ಆಡುವುದಿಲ್ಲ, ಹಗಲು ಸೆಕೆಗೆ ವಾಸನೆ ಮೇಲೆದ್ದು ಗರಿಗಳ ಮೇಲಿಂದ ಎಲ್ಲಿಗೋ ಹೋಗುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಬದಿಯ ಬದುವಿನ ಮೇಲೆ ನಾಯಿಯನ್ನು ನಡೆಸಿದರೆ ಹೊರಬರುವ ವಾಸನೆ ಸಿಗುತ್ತದೆ. ಬೆಟ್ಟದಲ್ಲಿ ಲೆಕ್ಕ ಬೇರೆ. ಹಗಲು ಬಿಸಿಯಾದ ಗಾಳಿ ಇಳಿಜಾರಿನ ಮೇಲಕ್ಕೆ ಏರುತ್ತದೆ, ರಾತ್ರಿ ತಣ್ಣಗಾಗಿ ಕಣಿವೆಗೆ ಇಳಿಯುತ್ತದೆ. ಹಗಲು ಬೆಟ್ಟದ ಮೇಲಂಚಿನಿಂದ, ರಾತ್ರಿ ಹಳ್ಳದಿಂದ ಹುಡುಕಬೇಕು. ಇದನ್ನು ನಿಮ್ಮ ವಿಜ್ಞಾನದ ತರಗತಿಯಲ್ಲಿ ಊದಿನಕಡ್ಡಿ ಹಚ್ಚಿ ಹೊಗೆಯ ದಾರಿ ತೋರಿಸಿ ಹೇಳಬಹುದು.

ಮಕ್ಕಳಿಗೆ ಇನ್ನೊಂದು ಪಾಠ ಹೇಳಿಕೊಡಿ. 1981ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಬಳಿಯ ಬೆಟ್ಟದಲ್ಲಿ ಒಬ್ಬ ಹುಡುಗ ದಾರಿ ತಪ್ಪಿ ತೀರಿಕೊಂಡ. ಹುಡುಕಲು ಹೋದವರು ಆ ದುಃಖದಿಂದ ಒಂದು ಪಾಠಕ್ರಮವನ್ನೇ ಮಾಡಿದರು. ದಾರಿ ತಪ್ಪಿತು ಎಂದು ಗೊತ್ತಾದ ಕೂಡಲೇ ಒಂದು ಮರವನ್ನು ತಬ್ಬಿ ಅಲ್ಲೇ ನಿಲ್ಲು, ಅಲೆಯಬೇಡ, ನಿನ್ನನ್ನು ಹುಡುಕುತ್ತಿದ್ದಾರೆ, ಯಾರೂ ಬೈಯುವುದಿಲ್ಲ ಎಂಬುದೇ ಅದರ ತಿರುಳು. ಕೊನೆಯ ಮಾತು ಬಹಳ ಮುಖ್ಯ. ಏಟು ಬೀಳುತ್ತದೆಂಬ ಹೆದರಿಕೆಗೆ ಮಕ್ಕಳು ಕೂಗಿದರೂ ಓಗೊಡದೆ ಅವಿತುಕೊಳ್ಳುತ್ತಾರೆ. ನಾಯಿ ಬೊಗಳುತ್ತಾ ಬಂದರೆ ಓಡಬಾರದು, ಅದು ನಿನ್ನನ್ನು ಮನೆಗೆ ಕರೆದೊಯ್ಯಲು ಬಂದ ನಾಯಿ ಎಂದೂ ಹೇಳಿಕೊಡಿ. ಕಾಡಂಚಿನ ಪೋಡುಗಳ ಮಕ್ಕಳಿಗೆ ಇದನ್ನು ಅವರ ಅಜ್ಜಂದಿರನ್ನು ಕರೆಸಿ, ಅವರ ಮಾತಿನಲ್ಲೇ ಹೇಳಿಸಿ. ಆನೆಯ ದಾರಿಯಲ್ಲಿ ಯಾವ ಮರದ ಬುಡ ಒಳ್ಳೆಯದು ಎಂದು ಅವರಿಗೇ ಗೊತ್ತು.

ಪ್ರಶ್ನೆ: 2024ರ ಜುಲೈನಲ್ಲಿ ವಯನಾಡಿನ ಭೂಕುಸಿತದಲ್ಲಿ ಹೆಣಗಳನ್ನೇ ಹುಡುಕಿದ ನಾಯಿಗಳ ಸುದ್ದಿ ಓದಿದೆ. ಅವಕ್ಕೂ ಮನಸ್ಸು ನೋಯುವುದಿಲ್ಲವೇ?
— ಒಬ್ಬ ವಿದ್ಯಾರ್ಥಿನಿ, ಹನೂರು

ಉತ್ತರ: ಮಗಳೇ, ನೊಂದುಕೊಳ್ಳುತ್ತವೆ, ಆದರೆ ನಾವು ಅಂದುಕೊಂಡ ಹಾಗಲ್ಲ. ಮುಂಡಕ್ಕೈ, ಚೂರಲ್‌ಮಲದಲ್ಲಿ ನಮ್ಮ ಜಿಲ್ಲೆಯ ಮೂಲದವರೂ ಮಣ್ಣಿನಡಿ ಸಿಕ್ಕಿದ್ದರು. ಅಲ್ಲಿ ಕೆಲಸ ಮಾಡಿದ ಕೇರಳ ಪೊಲೀಸರ ಮಾಯಾ, ಮರ್ಫಿ ಶವದ ವಾಸನೆಗೆಂದೇ ಪಳಗಿದವು. ಅವಕ್ಕೆ ಆ ವಾಸನೆ ಸಿಕ್ಕರೆ ಗೆಲುವು, ಆಟಿಕೆ ಸಿಗುತ್ತದೆ. ಕಷ್ಟವಾಗುವುದು ಜೀವಂತ ಮನುಷ್ಯರನ್ನು ಹುಡುಕಲು ಕಲಿತ ನಾಯಿಗೆ. ದಿನಗಟ್ಟಲೆ ಹುಡುಕಿದರೂ ಯಾರೂ ಎದ್ದು ಬಂದು ಹೊಗಳದಿದ್ದರೆ ಅದರ ಉತ್ಸಾಹ ಕುಂದುತ್ತದೆ. 2001ರಲ್ಲಿ ನ್ಯೂಯಾರ್ಕ್‌ನ ಅವಳಿ ಕಟ್ಟಡಗಳ ಅವಶೇಷದಲ್ಲಿ ಹೀಗಾದಾಗ ಹ್ಯಾಂಡ್ಲರುಗಳು ತಮ್ಮಲ್ಲೇ ಒಬ್ಬರನ್ನು ಅಡಗಿಸಿ ನಾಯಿಗೆ ಹುಡುಕಲು ಬಿಟ್ಟರು.

ಹ್ಯಾಂಡ್ಲರ್ ಅತ್ತರೆ, ಸಿಡುಕಿದರೆ ಅದು ಹಗ್ಗದ ಮೂಲಕ ನಾಯಿಗೆ ಇಳಿಯುತ್ತದೆ. ಆದ್ದರಿಂದ ಕೆಲಸದ ನಡುವೆ ಪ್ರತಿ ಅರ್ಧ ಗಂಟೆಗೆ ನಾಯಿಯನ್ನು ನೆರಳಿಗೆ ಕರೆದು ನೀರು ಕೊಟ್ಟು, ಪಾದದ ಅಡಿಯಲ್ಲಿ ಗಾಜು, ಮುಳ್ಳು ಚುಚ್ಚಿದೆಯೇ ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಸಂಜೆ ಬಿಡಾರಕ್ಕೆ ಮರಳಿದ ಮೇಲೆ ತಂಡದ ಒಬ್ಬರು ಹತ್ತಿರದಲ್ಲೇ ಅಡಗಿ ಕೂರಬೇಕು, ನಾಯಿ ಅವರನ್ನು ಹುಡುಕಿ ಚೆಂಡು ಪಡೆದ ಮೇಲೆಯೇ ಅದಕ್ಕೆ ಊಟ ಹಾಕಿ ಮಲಗಿಸಬೇಕು.